ಮೂರೆಳೆಯ ಹೆರಳು: ಯಾದಗಿರಿ, ಶಹಾಪುರ, ಸುರಪುರ

ಬೆಂಗಳೂರಿನಿಂದ ಮುಂಬಯಿಗೆ ರೈಲಿನಲ್ಲಿ ಹೋಗುವವರಿಗೆ ಯಾದಗಿರಿ ಎಂದರೆ, ರಾಯಚೂರು ಹಿಂದೆ ಸರಿದ ಮೇಲೆ ಕಿಟಕಿಯಲ್ಲಿ ಮೂಡಿ ಮಾಯವಾಗುವ ಒಂದು ಹಳದಿ ಫಲಕ. ಅದರ ಹಿಂದೆ ಕೋಟೆಯನ್ನು ಹೊತ್ತು ಕುಳಿತ ಒಂದು ಕಲ್ಲುಗುಡ್ಡ. ಅಲ್ಲಿ ಇಳಿಯುವವರು ವ್ಯಾಪಾರಕ್ಕೋ ಸರಕಾರಿ ಕೆಲಸಕ್ಕೋ ಬಂದವರೇ ಹೊರತು, ಊರು ನೋಡಲೆಂದು ಬಂದವರು ಅಪರೂಪ. ಆದರೂ ಭೀಮೆಯ ಈಚೆ ದಡದ ಯಾದಗಿರಿ, ಭೀಮೆಗೂ ಕೃಷ್ಣೆಗೂ ನಡುವೆ ಇರುವ ಶಹಾಪುರ ಮತ್ತು ಸುರಪುರ, ಈ ಮೂರು ಊರುಗಳನ್ನು ಒಂದೇ ಸುತ್ತಿನಲ್ಲಿ ನೋಡಿ ಬಂದವರಿಗೆ ನಮ್ಮ ನಾಡಿನ ಬಹು ಹಳೆಯದಾದ ಒಂದು ಮೂಲೆಯ ಪರಿಚಯವಾಗುತ್ತದೆ.

ನಾನು ಮತ್ತು ನನ್ನ ತಂಗಿ ಅಲ್ಲಿಗೆ ಹೊರಟಾಗ ನಮ್ಮ ಉದ್ದೇಶವನ್ನು ಕೇಳಿ ಮನೆಯವರೆಲ್ಲ ನಕ್ಕರು. ಕೋಟೆ, ಗುಡಿ, ಅರಮನೆಗಳನ್ನು ನೋಡುವುದು ಸರಿ. ಅಲ್ಲಿಯ ಹೆಣ್ಣುಮಕ್ಕಳು ತಲೆಗೂದಲನ್ನು ಹೇಗೆ ಕಟ್ಟುತ್ತಾರೆಂದು ನೋಡಲು ಯಾರಾದರೂ ರೈಲು ಹತ್ತುವುದುಂಟೆ? ಉಂಟು. ಒಂದು ಸೀಮೆಯ ಇತಿಹಾಸ ಅದರ ಶಾಸನಗಳಲ್ಲಿ ಮಾತ್ರ ಇರುವುದಿಲ್ಲ. ಅದರ ಸ್ತ್ರೀಯರ ಹೆರಳಿನಲ್ಲಿಯೂ ಹೆಣೆದುಕೊಂಡಿರುತ್ತದೆ. ಹೆರಳಿಗೆ ಮೂರು ಎಳೆಗಳು ಬೇಕು. ನಮ್ಮ ಪ್ರವಾಸಕ್ಕೂ ಮೂರು ಊರುಗಳು ಸಿಕ್ಕಿದುವು.

ಮೊದಲ ಎಳೆ: ಯಾದಗಿರಿ

೨೦೦೯ರ ಡಿಸೆಂಬರ್ ೩೦ರಂದು ಯಾದಗಿರಿ ಕಲಬುರಗಿಯಿಂದ ಬೇರ್ಪಟ್ಟು ರಾಜ್ಯದ ೩೦ನೆಯ ಜಿಲ್ಲೆಯಾಯಿತು. ಜಿಲ್ಲೆ ಹೊಸದು, ಊರು ಹಳೆಯದು. ಯಾದವರ ಗಿರಿಯೇ ಯಾದಗಿರಿಯಾಯಿತೆಂದು ಊರವರು ಹೇಳುತ್ತಾರೆ. ಕೋಟೆಯ ಮೇಲೆ ನಿಂತರೆ ಕೆಳಗೆ ಊರು, ಅದರಾಚೆ ಭೀಮೆಯ ಹರಿವು, ನಾಲ್ಕು ಕಡೆಗೂ ತೊಗರಿ, ಜೋಳ, ಹತ್ತಿಗಳ ಹೊಲಗಳು ಕಾಣುತ್ತವೆ.

ಈ ಸೀಮೆಯಲ್ಲಿ ತಲೆ ಬಾಚುವುದಿಲ್ಲ, ‘ತಲಿ ಹಿಕ್ಕುತ್ತಾರೆ’. ಬಾಚಣಿಗೆ ಇಲ್ಲಿ ‘ಹಣಗಿ’. ಜಡೆ ಎಂದು ನಾವು ಕರೆಯುವುದು ಇವರಿಗೆ ‘ಹೆರಳು’. ಈ ಕೊನೆಯ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು. ‘ಜಡಿ’ ಎಂಬ ಮಾತಿಗೆ ಇಲ್ಲಿ ಬೇರೆಯೇ ಅರ್ಥವುಂಟು. ಆ ಅರ್ಥ ಮುಂದೆ ಶಹಾಪುರದ ದಾರಿಯಲ್ಲಿ ನಮಗೆ ಎದುರಾಗಲಿದೆ.

ಜನವರಿಯಲ್ಲಿ ಮಕರ ಸಂಕ್ರಾಂತಿಗೆ ಯಾದಗಿರಿಯ ಸಮೀಪದ ಮೈಲಾಪುರದಲ್ಲಿ ಮೈಲಾರಲಿಂಗನ ಜಾತ್ರೆ. ಜಾತ್ರೆಯ ಬೀದಿಯಲ್ಲಿ ಭಂಡಾರದ ಹಳದಿಯ ನಡುವೆ ಹೆಂಗಸರು ಮುತ್ತುವ ಅಂಗಡಿಗಳು ಎರಡೇ: ಬಳೆಯದು ಮತ್ತು ಹಣಗಿ, ರಿಬ್ಬನ್ನು, ಪಿನ್ನುಗಳದು. ಮರದ ಹಣಗಿಯ ಕಾಲ ಬಹುಮಟ್ಟಿಗೆ ಮುಗಿದಿದೆ. ಆದರೂ ಹೇನು ಸೀರುಗಳಿಗಾಗಿ ಒತ್ತಾದ ಹಲ್ಲಿನ ಸೀರಣಿಗೆಯನ್ನು ಕೊಳ್ಳುವ ಅಜ್ಜಿಯರು ಇನ್ನೂ ಇದ್ದಾರೆ.

ಮನೆಗಳಲ್ಲಿ ಕೂಡ ಹೆರಳಿನ ಶಾಸ್ತ್ರ ದೊಡ್ಡದು. ದೀಪ ಹಚ್ಚಿದ ಮೇಲೆ ತಲೆ ಹಿಕ್ಕಬಾರದು. ಹೆಣ್ಣು ತಲೆ ಬಿಟ್ಟುಕೊಂಡು ಅಂಗಳದಲ್ಲಿ ನಿಲ್ಲಬಾರದು. ಉದುರಿದ ಕೂದಲನ್ನು ಕಂಡಕಂಡಲ್ಲಿ ಎಸೆಯಬಾರದು. ಈ ಕೊನೆಯ ನಿಯಮಕ್ಕೆ ಲಾಭದ ಮುಖವೂ ಉಂಟು. ಉದುರಿದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿನಲ್ಲಿಟ್ಟು, ಬೀದಿಗೆ ಬರುವ ವ್ಯಾಪಾರದ ಹೆಂಗಸಿಗೆ ಕೊಟ್ಟರೆ ಬದಲಿಗೆ ಸೂಜಿಯೋ ಪಿನ್ನೋ ಸಣ್ಣ ಪಾತ್ರೆಯೋ ದೊರೆಯುತ್ತದೆ. ಹೀಗೆ ಊರೂರು ಸುತ್ತಿ ಕೂಡಿಸಿದ ಕೂದಲನ್ನು ಬಿಡಿಸಿ, ತೊಳೆದು, ಉದ್ದಕ್ಕೆ ತಕ್ಕಂತೆ ವಿಂಗಡಿಸುವ ಕೆಲಸಕ್ಕೆ ಕೊಪ್ಪಳದ ಮಗ್ಗುಲಿನ ಭಾಗ್ಯನಗರ ಹೆಸರಾಗಿದೆ. ನಮ್ಮ ಸೀಮೆಯ ಅಜ್ಜಿಯ ನರೆಗೂದಲು ಯಾವ ದೇಶದ ಯಾವ ನಟಿಯ ಟೋಪನ್ನಿನಲ್ಲಿ ಸೇರಿಹೋಯಿತೋ ಬಲ್ಲವರಾರು!

ಯಾದಗಿರಿಯಿಂದ ನದಿಯ ಮೇಲುದಡಕ್ಕೆ ಸರಿದರೆ, ಕಲಬುರಗಿ ಜಿಲ್ಲೆಯ ಎಲ್ಲೆಯೊಳಗೆ, ಸನ್ನತಿ. ಚಂದ್ರಲಾಂಬೆಯ ಸನ್ನಿಧಾನ. ೧೯೮೬ರಲ್ಲಿ ಅಲ್ಲಿಯ ಕಾಳಿಯ ಗುಡಿಯ ಛಾವಣಿ ಕುಸಿದಾಗ ಅಶೋಕನ ಶಾಸನವುಳ್ಳ ಕಲ್ಲು ಬೆಳಕಿಗೆ ಬಂದಿತು. ಮಗ್ಗುಲಿನ ಕನಗನಹಳ್ಳಿಯಲ್ಲಿ ೧೯೯೦ರ ದಶಕದಲ್ಲಿ ನಡೆದ ಉತ್ಖನನದಿಂದ ದೊಡ್ಡದೊಂದು ಸ್ತೂಪವೂ, ಅದರ ಶಿಲ್ಪಫಲಕಗಳೂ ಹೊರಬಂದುವು. ಅವುಗಳಲ್ಲೊಂದರಲ್ಲಿ ರಾಜನೂ ರಾಣಿಯೂ ನಿಂತಿದ್ದಾರೆ. ಕೆಳಗೆ ಬ್ರಾಹ್ಮೀ ಲಿಪಿಯಲ್ಲಿ ರಾಜಾ ಅಶೋಕನೆಂಬ ಹೆಸರು. ಸುತ್ತ ಛತ್ರ ಚಾಮರ ಹಿಡಿದ ಸ್ತ್ರೀಯರು. ವಿದ್ವಾಂಸರು ರಾಜನ ಹೆಸರನ್ನು ನೋಡಿದರು; ನನ್ನ ತಂಗಿ ಮಾತ್ರ ಚಾಮರಧಾರಿಣಿಯರ ತಲೆಯನ್ನೇ ನೋಡುತ್ತ ನಿಂತಳು. ಎರಡು ಸಾವಿರ ವರ್ಷಗಳ ಹಿಂದಿನ ಆ ಶಿಲ್ಪಿಗೆ ಹೆಣ್ಣಿನ ಕೇಶವೂ ರಾಜನ ಕಿರೀಟದಷ್ಟೇ ಶ್ರದ್ಧೆಯಿಂದ ಕೆತ್ತಬೇಕಾದ ವಸ್ತುವಾಗಿತ್ತು.

ತಾಂಡಾದಲ್ಲಿ ಒಂದು ಕಡ್ಡಿ

ಯಾದಗಿರಿಯ ಸುತ್ತಲ ಗುಡ್ಡಗಳ ಬುಡದಲ್ಲಿ ಲಂಬಾಣಿ ತಾಂಡಾಗಳು ಚೆದುರಿಕೊಂಡಿವೆ. ಒಂದು ಕಾಲದಲ್ಲಿ ಬಂಜಾರರು ಎತ್ತುಗಳ ಮೇಲೆ ಧಾನ್ಯ, ಉಪ್ಪುಗಳನ್ನು ಹೇರಿಕೊಂಡು ದಖನ್ನಿನ ಉದ್ದಗಲಕ್ಕೂ ನಡೆದವರು. ಮೊಗಲರ ದಂಡಿಗೂ ಇಂಗ್ಲಿಷರ ದಂಡಿಗೂ ಅನ್ನ ಹೊತ್ತವರು. ೧೮೭೧ರಲ್ಲಿ ಮುಂಬಯಿಯ ಕಡೆಯಿಂದ ರೈಲುದಾರಿ ರಾಯಚೂರನ್ನು ಮುಟ್ಟಿತು. ಎತ್ತು ಹೊರುತ್ತಿದ್ದ ಸರಕನ್ನು ಉಗಿಬಂಡಿ ಹೊತ್ತಿತು. ಬಂಜಾರರು ಹಂತಹಂತವಾಗಿ ನೆಲೆನಿಂತರು, ಹೊಲಗಳಲ್ಲಿ ಕೂಲಿಯಾದರು. ಅವರು ನಿಂತ ನೆಲಕ್ಕೆ ಕಾಗದ ಪತ್ರಗಳಿರಲಿಲ್ಲ. ೨೦೨೩ರ ಜನವರಿಯಲ್ಲಿ ಯಾದಗಿರಿಯೂ ಸೇರಿದಂತೆ ಐದು ಜಿಲ್ಲೆಗಳ ತಾಂಡಾಗಳ ೫೦,೦೦೦ಕ್ಕೂ ಹೆಚ್ಚು ಕುಟುಂಬಗಳಿಗೆ ಮನೆಯ ನೆಲದ ಹಕ್ಕುಪತ್ರಗಳು ಬಂದುವು. ರೈಲು ಬಂದು ಒಂದೂವರೆ ಶತಮಾನ ಕಳೆದಿತ್ತು.

ನಾವು ಹೋದ ತಾಂಡಾದಲ್ಲಿ ಹರೆಯದ ಹೆಣ್ಣುಮಕ್ಕಳೆಲ್ಲ ಸೀರೆಯಲ್ಲೋ ಚೂಡಿದಾರದಲ್ಲೋ ಇದ್ದರು. ಒಬ್ಬ ಮುದುಕಿ ಮಾತ್ರ ಹಳೆಯ ಉಡುಪಿನಲ್ಲಿದ್ದಳು. ಕನ್ನಡಿ ಚೂರುಗಳನ್ನು ಹೊಲಿದ ಕಾಂಚಳಿ. ಮುಖದ ಎರಡು ಪಕ್ಕಕ್ಕೂ ಕೂದಲಿನ ಸಣ್ಣ ಹೆಣಿಗೆಗಳು. ಅವುಗಳ ತುದಿಗೆ ಘುಗರಿ, ಟೋಪ್ಲಿ ಎಂಬ ಬೆಳ್ಳಿಯ ಒಡವೆಗಳು. ಆಕೆ ತಲೆಯಾಡಿಸಿದಾಗಲೆಲ್ಲ ಅವು ಕೆನ್ನೆಗೆ ತಾಗಿ ಕಿಣಿಕಿಣಿ ಎನ್ನುತ್ತಿದ್ದುವು. ಈ ಒಡವೆ ಬರಿಯ ಅಲಂಕಾರವಲ್ಲ, ಮುತ್ತೈದೆಯ ಗುರುತು. ಕೊರಳಿನ ತಾಳಿ ನಮ್ಮಲ್ಲಿ ಹೇಳುವುದನ್ನು ಇವರಲ್ಲಿ ಕೂದಲು ಹೇಳುತ್ತದೆ.

ಇದಕ್ಕಿಂತ ವಿಚಿತ್ರವಾದ ಇನ್ನೊಂದು ಗುರುತು ಹಿಂದೆ ಇತ್ತು. ರಸೆಲ್ ಮತ್ತು ಹೀರಾಲಾಲ್ ಎಂಬವರು ೧೯೧೬ರಲ್ಲಿ ಪ್ರಕಟಿಸಿದ ಮಧ್ಯಪ್ರಾಂತ್ಯದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ ಬಂಜಾರ ಸ್ತ್ರೀಯರ ತಲೆಯ ಮೇಲಿನ ಒಂದು ಮರದ ಕಡ್ಡಿಯ ವರ್ಣನೆಯಿದೆ. ಕೂದಲಿನ ಗಂಟಿಗೆ ಸಿಕ್ಕಿಸಿದ ಈ ಕಡ್ಡಿ ತಲೆಯ ಮೇಲೆ ನೆಟ್ಟಗೆ ನಿಲ್ಲುತ್ತಿತ್ತು. ಸೆರಗನ್ನು ಅದರ ಮೇಲಿನಿಂದ ಇಳಿಬಿಡುತ್ತಿದ್ದರು. ಹೀಗಾಗಿ ಹೆಂಗಸು ದೂರದಿಂದ ಸಣ್ಣ ಗೋಪುರವೊಂದು ನಡೆದುಬಂದಂತೆ ಕಾಣುತ್ತಿದ್ದಿರಬೇಕು.

ಮುದುಕಿಯನ್ನು ಈ ಬಗ್ಗೆ ಕೇಳಿದೆವು. “ನಮ್ಮ ಮುತ್ತ್ಯಾನ ಕಾಲದ ಮಾತು ತಂಗಿ. ನಾ ಕಂಡಿಲ್ಲ” ಎಂದಳು. ಆಮೇಲೆ ನನ್ನ ತಂಗಿಯ ಮೊಣಕಾಲು ಮುಟ್ಟುವ ಹೆರಳನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, “ಇಷ್ಟು ಕೂದಲಾ ಇಟ್ಟುಕೊಂಡು ಬಿಸಲಾಗ ಹ್ಯಾಂಗ ತಿರಗತೀಯವ್ವಾ? ಕುಂದರು ಇಲ್ಲಿ” ಎಂದು ಕೂರಿಸಿಕೊಂಡಳು. ಅಂಗಳದಲ್ಲಿ ಬಿದ್ದಿದ್ದ ಒಂದು ಕಡ್ಡಿಯನ್ನು ಎತ್ತಿ, ತೊಗಟೆ ಸುಲಿದು, ತುದಿಯನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿದಳು. ಪಿನ್ನಿಲ್ಲ, ದಾರವಿಲ್ಲ, ಎರಡು ನಿಮಿಷಗಳಲ್ಲಿ ತುರುಬು ಸಿದ್ಧವಾಯಿತು. ಅಂದು ಸಂಜೆ ನಾವು ಬಸ್ಸಿನಲ್ಲಿ ಕುಲುಕಿ ಕುಲುಕಿ ಶಹಾಪುರ ಸೇರಿದರೂ ಅದು ಅಲುಗಲಿಲ್ಲ.

ಉದ್ದ ಕೂದಲಿನ ಓದುಗಿಯರಿಗಾಗಿ ಆ ವಿಧಾನವನ್ನು ಇಲ್ಲಿ ಬರೆಯುತ್ತೇನೆ. ಮೊದಲು ಕೂದಲನ್ನು ಸಿಕ್ಕಿಲ್ಲದಂತೆ ಹಿಕ್ಕಿ, ಕತ್ತಿನ ಬಳಿ ಮೂರೆಳೆಯ ಹೆರಳು ಹೆಣೆಯಬೇಕು. ಹೆಣೆಯದೆ ಸುತ್ತಿದ ಕೂದಲು ಜಾರುತ್ತದೆ. ಹೆಣೆದುದಕ್ಕೆ ಉಬ್ಬು ತಗ್ಗುಗಳಿರುವುದರಿಂದ ಒಂದರ ಮೈಯನ್ನೊಂದು ಹಿಡಿಯುತ್ತದೆ. ಹೆರಳನ್ನು ಅದರ ಬುಡದ ಸುತ್ತಲೇ ಚಕ್ಕುಲಿಯಂತೆ ಸುತ್ತಿ, ತುದಿಯನ್ನು ಸುತ್ತಿನ ಅಡಿಗೆ ಸೇರಿಸಬೇಕು. ಈಗ ಕಡ್ಡಿಯ ಸರದಿ. ತುರುಬಿನ ಹೊರ ಅಂಚಿನ ಕೂದಲನ್ನು ಸ್ವಲ್ಪ ಹಿಡಿಯುವಂತೆ ಕಡ್ಡಿಯನ್ನು ತೂರಿಸಿ, ತುದಿ ನೆತ್ತಿಯ ಚರ್ಮಕ್ಕೆ ಮೆಲ್ಲನೆ ತಾಗುವವರೆಗೆ ಇಳಿಸಬೇಕು. ಅಲ್ಲಿ ನೆತ್ತಿಯ ಕೂದಲನ್ನೂ ತುಸು ಎತ್ತಿಕೊಂಡು, ಕಡ್ಡಿಯನ್ನು ಮಗುಚಿ, ತುರುಬಿನ ಅಡಿಯಿಂದ ಮತ್ತೊಂದು ಅಂಚಿಗೆ ಹೊರಡಿಸಬೇಕು. ತುರುಬು ಬಿಚ್ಚಿಕೊಳ್ಳಲೆಂದು ಒಂದು ಕಡೆಗೆ ಎಳೆಯುತ್ತದೆ, ನೆತ್ತಿಯ ಕೂದಲು ಇನ್ನೊಂದು ಕಡೆಗೆ ಎಳೆಯುತ್ತದೆ. ಈ ಎರಡು ಎಳೆತಗಳ ನಡುವೆ ಕಡ್ಡಿ ಬಿಗಿಯಾಗಿ ನಿಲ್ಲುತ್ತದೆ. ಕಡ್ಡಿ ತುರುಬಿನ ಅಗಲಕ್ಕಿಂತ ಎರಡು ಬೆರಳಿನಷ್ಟು ಉದ್ದವಿರಬೇಕು, ತುದಿ ಮೊಂಡಾಗಿರಬೇಕು. ಪ್ಲಾಸ್ಟಿಕ್ಕಿಗಿಂತ ಮರ ಲೇಸು. ಅದು ಕೂದಲನ್ನು ಹಿಡಿಯುತ್ತದೆ, ಜಗ್ಗುವುದಿಲ್ಲ.

ಇದೇ ಕಡ್ಡಿಯನ್ನು ಚೀನೀಯರೂ ಬಲ್ಲರು, ಜಪಾನೀಯರೂ ಬಲ್ಲರು. ಪ್ರಾಚೀನ ಚೀನಾದಲ್ಲಿ ಹುಡುಗಿಗೆ ೧೫ ವರ್ಷವಾದಾಗ ಅವಳ ಕೂದಲನ್ನು ಮೇಲಕ್ಕೆ ಕಟ್ಟಿ ಕಡ್ಡಿ ಸಿಕ್ಕಿಸುವುದೇ ಒಂದು ಸಂಸ್ಕಾರ. ಅಂದಿನಿಂದ ಅವಳು ಮದುವೆಗೆ ಯೋಗ್ಯಳು. ಹೆಣ್ಣು ಯಾರ ಮಗಳು, ಯಾರ ಹೆಂಡತಿ, ಯಾರನ್ನು ಕಳೆದುಕೊಂಡವಳು ಎಂಬುದನ್ನು ಅವಳ ತಲೆಯ ಮೇಲೆಯೇ ಬರೆಯುವ ಅಭ್ಯಾಸ ಎಲ್ಲ ದೇಶಗಳಿಗೂ ಸಾಮಾನ್ಯವೆಂದು ತೋರುತ್ತದೆ. ನಮ್ಮಲ್ಲಿಯೇ ಗಂಡ ಸತ್ತವಳ ತಲೆಯನ್ನು ಬೋಳಿಸಿ ಕೆಂಪು ಸೀರೆ ಉಡಿಸಿದ ಮನೆಗಳು ಎಷ್ಟಿರಲಿಲ್ಲ! ಆ ಅಜ್ಜಿಯರನ್ನು ಕಂಡವರು ಇಂದಿಗೂ ನಮ್ಮ ನಡುವೆ ಇದ್ದಾರೆ.

ಎರಡನೆಯ ಎಳೆ: ಶಹಾಪುರ

ಯಾದಗಿರಿಯಿಂದ ಶಹಾಪುರಕ್ಕೆ ಸುಮಾರು ೩೫ ಕಿಲೋಮೀಟರು. ಭೀಮೆಯನ್ನು ದಾಟಿ ಹೋಗಬೇಕು. ನಾರಾಯಣಪುರದ ಅಣೆಕಟ್ಟಿನ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಈ ಒಣನೆಲದ ಬಹುಭಾಗ ಬತ್ತದ ಹಸಿರಾಗಿದೆ. ಊರು ಸಮೀಪಿಸಿದಂತೆ ಗುಡ್ಡದ ಸಾಲು ಒಂದು ಅದ್ಭುತವನ್ನು ತೋರಿಸುತ್ತದೆ: ಮುಗಿಲಿಗೆ ಮುಖ ಮಾಡಿ ಮಲಗಿದ ಮನುಷ್ಯನ ಆಕೃತಿ. ಹಣೆ, ಮೂಗು, ತುಟಿ, ಗದ್ದ, ಎದೆ ಎಲ್ಲವೂ ಸ್ಪಷ್ಟ. ಜನ ಇದನ್ನು ‘ಬುದ್ಧ ಮಲಗಿದ ಬೆಟ್ಟ’ ಎನ್ನುತ್ತಾರೆ. ಪ್ರಕೃತಿಯೇ ಕಡೆದ ಈ ಶಿಲ್ಪಕ್ಕೆ ಉಳಿಯ ಪೆಟ್ಟು ಬಿದ್ದಿಲ್ಲ.

ಬುದ್ಧನೆಂದೊಡನೆ ಇನ್ನೊಂದು ಕೂದಲಿನ ಕಥೆ ನೆನಪಾಗುತ್ತದೆ. ಅರಮನೆಯನ್ನು ಬಿಟ್ಟು ಬಂದ ಸಿದ್ಧಾರ್ಥ ಮೊದಲು ಮಾಡಿದ ಕೆಲಸ ಕತ್ತಿಯಿಂದ ತನ್ನ ಮುಡಿಯನ್ನು ತಾನೇ ಕತ್ತರಿಸಿಕೊಂಡುದು. ರಾಜಕುಮಾರನ ಗುರುತು ಮುಡಿಯಲ್ಲಿತ್ತು. ಅದು ಹೋದೊಡನೆ ಆತ ಸ್ವತಂತ್ರನಾದ. ಆ ಬೆಟ್ಟದ ನೆರಳಿನ ಸೀಮೆಯಲ್ಲಿಯೇ, ಕೂದಲನ್ನು ಕತ್ತರಿಸಿ ಬಿಡುಗಡೆ ಪಡೆದ ಒಬ್ಬ ಹೆಣ್ಣುಮಗಳನ್ನು ನಾವು ಕಂಡೆವು.

ಆಕೆಗೆ ಐವತ್ತರ ಹತ್ತಿರದ ವಯಸ್ಸು. ಹೊಲದ ಕೂಲಿ ಮುಗಿಸಿ ಬಂದು ಕಟ್ಟೆಯ ಮೇಲೆ ಕುಳಿತಿದ್ದಳು. ನನ್ನ ತಂಗಿಯ ತುರುಬಿನ ಕಡ್ಡಿಯನ್ನು ನೋಡಿ ನಕ್ಕು ತಾನಾಗಿ ಮಾತಿಗೆ ಬಂದಳು.

“ನನಗೂ ಹರೇದಾಗ ಭಾಳ ಕೂದಲ ಇದ್ದವ್ರೀ. ಅವ್ವ ನಸಕಿನಾಗ ಹೊಲಕ್ಕ ಹೋಗಾಕಿ, ಕತ್ತಲಾದ ಮ್ಯಾಲ ಬರಾಕಿ. ನನ್ನ ತಲಿ ಹಿಕ್ಕವರು ಯಾರು? ಎಣ್ಣಿ ಎಲ್ಲಿತ್ತು? ಒಂದಿನ ನೋಡಿದ್ರ ಹಿಂದ ಕೂದಲಾ ಗಂಟ ಬಿದ್ದು ಹಗ್ಗದಂಗ ಆಗಿತ್ತು. ‘ಜಡಿ ಬಿದ್ದಾವ, ಎಲ್ಲಮ್ಮ ಬಂದಾಳ’ ಅಂದ್ರು. ಕತ್ತರಿಸಿದ್ರ ರಕ್ತಾ ಕಾರಿ ಸಾಯ್ತಿ ಅಂದ್ರು.”

ಈಗ ವಾಚಕರಿಗೆ ‘ಜಡಿ’ಯ ಅರ್ಥ ತಿಳಿದಿರಬೇಕು. ಎಣ್ಣೆ, ನೀರು, ಹಣಗಿಗಳ ಆರೈಕೆಯಿಲ್ಲದ ಉದ್ದ ಕೂದಲು ಕೊಳೆ ಹಿಡಿದು ಒಂದಕ್ಕೊಂದು ಸಿಕ್ಕಿಕೊಂಡು ಕಂಬಳಿಯಂತೆ ಗಟ್ಟಿಯಾಗುತ್ತದೆ. ಒಮ್ಮೆ ಹಾಗಾದ ಮೇಲೆ ಹಣಗಿಗೆ ಬಗ್ಗುವುದಿಲ್ಲ. ವೈದ್ಯರು ಇದಕ್ಕೆ ಪ್ಲೈಕಾ ಪೊಲೊನಿಕಾ ಎಂಬ ಹೆಸರನ್ನಿಟ್ಟಿದ್ದಾರೆ. ಆದರೆ ಉತ್ತರ ಕರ್ನಾಟಕದ ಬಡವರ ಕೇರಿಗಳಲ್ಲಿ ಇದು ದೇವಿಯ ಕರೆಯೆಂಬ ನಂಬಿಕೆ ಬಹುಕಾಲದಿಂದ ಬೇರೂರಿತ್ತು. ಜಡೆ ಬಿದ್ದ ಹುಡುಗಿಯನ್ನು ಎಲ್ಲಮ್ಮನಿಗೆ ಬಿಡಬೇಕು. ಕೊರಳಿಗೆ ಮುತ್ತು ಕಟ್ಟಬೇಕು. ಮುತ್ತು ಕಟ್ಟಿದ ಮೇಲೆ ಅವಳಿಗೆ ಮದುವೆಯಿಲ್ಲ, ಮಕ್ಕಳಿಗೆ ತಂದೆಯ ಹೆಸರಿಲ್ಲ. ಊರಿನ ಉಳ್ಳವರ ಪಾಲಿಗೆ ಅವಳು ಹೇಳಕೇಳುವವರಿಲ್ಲದ ಹೆಣ್ಣು. ಕರೆ ಮಾತ್ರ ಏಕೋ ಏನೋ, ಎಣ್ಣೆಗೆ ಕಾಸಿದ್ದ ದೊಡ್ಡ ಮನೆಗಳ ಹುಡುಗಿಯರಿಗೆ ಬಂದುದನ್ನು ಯಾರೂ ಕಂಡಿಲ್ಲ.

ಕರ್ನಾಟಕ ಸರಕಾರ ೧೯೮೨ರಲ್ಲಿ ದೇವದಾಸಿ ಸಮರ್ಪಣ ನಿಷೇಧದ ಶಾಸನವನ್ನು ರಚಿಸಿತು. ೧೯೯೩-೯೪ ಮತ್ತು ೨೦೦೭-೦೮ರ ಎರಡು ಸಮೀಕ್ಷೆಗಳಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಗುರುತಿಸಲಾದ ದೇವದಾಸಿಯರ ಸಂಖ್ಯೆ ಒಟ್ಟು ೪೬,೦೦೦ವನ್ನೂ ಮೀರಿತು. ಆ ಎಲ್ಲರ ತಲೆಯಲ್ಲಿಯೂ ಜಡೆ ಬಿದ್ದಿರಲಿಲ್ಲ ನಿಜ. ಬಡತನ, ಹರಕೆ, ಗಂಡುಸಂತಾನವಿಲ್ಲದ ಮನೆಯ ಅಗತ್ಯ, ಕಾಯಿಲೆ ಎಂಬ ಹಲವು ನೆಪಗಳಿದ್ದುವು. ಆದರೆ ಕೂದಲಿನ ಗಂಟಿನಿಂದ ಬದುಕೇ ಗಂಟಾದವರು ಅವರಲ್ಲಿ ಕಡಿಮೆಯಿರಲಾರರು.

“ಆಮ್ಯಾಲ?” ಎಂದು ಕೇಳಿದೆವು.

“ಹನ್ನೆರಡು ವರಷ ಹೊತ್ತೀನ್ರೀ ಆ ಜಡಿ. ಕುತಗಿ ನೋವು, ನಾತ, ಹೇನು. ಆಮ್ಯಾಲ ಸಂಘದವರು ಬಂದ್ರು, ನನ್ನಂಥಾಕಿನೇ ಒಬ್ಬಾಕಿ ಕತ್ರಿ ಹಿಡಕೊಂಡು ಬಂದ್ಲು. ‘ನಾ ಕತ್ತರಿಸಿಕೊಂಡೀನಿ, ಸತ್ತೀನೇನು?’ ಅಂದ್ಲು. ಕಣ್ಣ ಮುಚ್ಚಿಕೊಂಡು ಕುಂತೆ. ಕತ್ತರಿಸಿದ ಮ್ಯಾಲ ತಲಿ ಎಷ್ಟು ಹಗರ ಆತಂದ್ರ, ನಡದ್ರ ಬೀಳ್ತೀನೇನೋ ಅನಿಸ್ತು.”

ಆಕೆಯ ಮಗಳು ಯಾದಗಿರಿಯ ಕಾಲೇಜಿನಲ್ಲಿ ಓದುತ್ತಿದ್ದಾಳೆ. “ಮಗಳ ಹೆರಳು ನಾನೇ ಹಾಕೀನ್ರೀ, ಒಂದಿನಾನೂ ತಪ್ಪಿಸಿಲ್ಲ” ಎಂದು ಆಕೆ ಹೇಳಿದಾಗ ಆ ಸ್ವರದಲ್ಲಿ ಅಭಿಮಾನವೂ ಇತ್ತು, ಹಟವೂ ಇತ್ತು. ಬೆಳಗಿನ ಆ ಹತ್ತು ನಿಮಿಷ ತಾಯಿ ಮಗಳಿಗೆ ಕಟ್ಟಿದ ಕಾವಲು.

ಈ ಮೂಢನಂಬಿಕೆ ನಮ್ಮ ದೇಶಕ್ಕೆ ಮಾತ್ರ ಸೇರಿದುದೆಂದು ನಾಚಬೇಕಾಗಿಲ್ಲ. ವೈದ್ಯರಿಟ್ಟ ಹೆಸರಿನಲ್ಲಿಯೇ ಪೋಲೆಂಡ್ ದೇಶ ಅಡಗಿದೆ. ಅಲ್ಲಿಯ ರೈತರು ಶತಮಾನಗಳ ಕಾಲ ಇಂಥದೇ ಗಂಟುಗೂದಲನ್ನು ಕತ್ತರಿಸಲು ಅಂಜುತ್ತಿದ್ದರು. ಕತ್ತರಿಸಿದರೆ ಒಳಗಿನ ರೋಗ ಕೆರಳಿ ಕುರುಡೋ ಹುಚ್ಚೋ ಬರುವುದೆಂದು ನಂಬಿದ್ದರು. ೧೯ನೆಯ ಶತಮಾನದ ಮಧ್ಯದಲ್ಲಿ ಕ್ರಾಕೋವ್ ನಗರದ ವೈದ್ಯ ಯೂಝೆಫ್ ಡೀಟ್ಲ್ ಇದು ರೋಗವಲ್ಲ, ಕೊಳೆ ಎಂದು ಸಾರಿದ. ಗಂಟುಗೂದಲಿನವರಿಗೆ ತೆರಿಗೆ ಬೀಳುವುದೆಂಬ ಸುದ್ದಿಯನ್ನು ಆತ ಹಬ್ಬಿಸಿದನೆಂದೂ, ಬೋಧನೆಗೆ ಬಗ್ಗದ ಜನ ತೆರಿಗೆಯ ಹೆದರಿಕೆಗೆ ಕತ್ತರಿ ಹಿಡಿದರೆಂದೂ ಅಲ್ಲಿಯವರು ನಗುತ್ತ ಹೇಳುತ್ತಾರೆ. ಶಹಾಪುರದ ಕಡೆಯಲ್ಲಿ ತೆರಿಗೆಯ ಹೆದರಿಕೆ ಬೇಕಾಗಲಿಲ್ಲ. ಕತ್ತರಿಸಿಕೊಂಡ ಹೆಣ್ಣೊಬ್ಬಳು ಬದುಕಿ ಎದುರಿಗೆ ನಿಂತುದೇ ಸಾಕಾಯಿತು.

ಮೂರನೆಯ ಎಳೆ: ಸುರಪುರ

ಶಹಾಪುರದಿಂದ ಮತ್ತೊಂದು ಗಂಟೆಯೊಳಗಿನ ಹಾದಿ ಸುರಪುರ. ಸುತ್ತ ಬೆಟ್ಟ, ನಡುವೆ ಊರು. ಬೇಡ ನಾಯಕರ ರಾಜಧಾನಿಯಾಗಿದ್ದುದು. ಸಮೀಪದ ವಾಗಿನಗೇರಿಯ ಕೋಟೆಯ ಮುಂದೆ ೧೭೦೫ರಲ್ಲಿ ಮುಪ್ಪಿನ ಔರಂಗಜೇಬನೇ ಬಂದು ಮುತ್ತಿಗೆ ಹಾಕಿದ. ಅದು ಆತನ ಬಾಳಿನ ಕೊನೆಯ ದಂಡಯಾತ್ರೆ. ೧೮೫೮ರಲ್ಲಿ ತರುಣ ರಾಜ ವೆಂಕಟಪ್ಪ ನಾಯಕ ಇಂಗ್ಲಿಷರ ಮೇಲೆ ಎದ್ದು, ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡ. ಆತನನ್ನು ಮಗುವಿನಿಂದ ಕಂಡು ಬೆಳೆಸಿದ ಕರ್ನಲ್ ಮೆಡೋಸ್ ಟೇಲರ್ ೧೮೪೦ರ ದಶಕದ ಆರಂಭದಿಂದ ೧೮೫೩ರವರೆಗೆ ಇಲ್ಲಿಯ ಆಡಳಿತವನ್ನು ನೋಡಿಕೊಂಡವನು; ಜನ ಆತನನ್ನು ‘ಮಹಾದೇವ ಬಾಬಾ’ ಎಂದು ಕರೆದರು. ಗುಡ್ಡದ ಮೇಲೆ ಆತ ಕಟ್ಟಿಸಿದ ಬಂಗಲೆ ‘ಟೇಲರ್ ಮಂಜಿಲ್’ ಎಂಬ ಹೆಸರಿನಿಂದ ಇದೆ. ಅಲ್ಲಿಂದ ನೋಡಿದರೆ ಇಡೀ ಊರು ಬೊಗಸೆಯಲ್ಲಿಟ್ಟಂತೆ ಕಾಣುತ್ತದೆ.

ಟೇಲರನ ಆತ್ಮಕಥೆಯಲ್ಲಿ ರಾಜಮಾತೆ ಈಶ್ವರಮ್ಮ ಮತ್ತೆ ಮತ್ತೆ ಬರುತ್ತಾಳೆ. ಅಧಿಕಾರವನ್ನು ಸುಲಭವಾಗಿ ಬಿಟ್ಟುಕೊಡದ ಗಟ್ಟಿಗಿತ್ತಿ. ಆಂಗ್ಲ ಅಧಿಕಾರಿಯೊಡನೆ ಸರಿಸಮನಾಗಿ ವಾದಿಸಿದವಳು. ಗಂಡನನ್ನು ಕಳೆದುಕೊಂಡ ಮೇಲೂ ಈ ನಾಡಿನ ಹೆಣ್ಣು ರಾಜ್ಯದ ಸೂತ್ರವನ್ನು ಹಿಡಿದಿದ್ದಳೆಂಬುದನ್ನು ನಾವು ಮರೆಯಬಾರದು.

ನಾಯಕರ ಆಶ್ರಯದಲ್ಲಿ ಬೆಳೆದ ಇನ್ನೊಂದು ಸಂಪತ್ತು ಸುರಪುರದ ಚಿತ್ರಕಲೆ. ಸಣ್ಣ ಅಳತೆ, ಕೂದಲೆಳೆಯಂಥ ಗೆರೆ, ಚಿನ್ನದ ಹೊಳಪು. ದೇವದೇವಿಯರ, ದೊರೆಗಳ ಈ ಚಿತ್ರಗಳಲ್ಲಿ ಕುಂಚ ಎಲ್ಲಕ್ಕಿಂತ ಹೆಚ್ಚು ತಾಳ್ಮೆಯನ್ನು ತೋರಿಸುವುದು ಒಡವೆಗಳಲ್ಲಿ ಮತ್ತು ಮುಡಿಯಲ್ಲಿ. ಕೂದಲನ್ನು ಬರೆಯಲು ಕೂದಲಿನದೇ ಕುಂಚ ಬೇಕಲ್ಲವೆ!

ವೇಣುಗೋಪಾಲಸ್ವಾಮಿಯ ಗುಡಿಯಲ್ಲಿ ಕುಳಿತಾಗ ನನಗೆ ಹಳೆಯದೊಂದು ಮುಡಿಯ ನೆನಪಾಯಿತು. ರನ್ನ ಕವಿ ಆಶ್ರಯ ಪಡೆದುದು ಚಾಳುಕ್ಯರಲ್ಲಿ. ಅವರು ಆಳಿದ ಮಾನ್ಯಖೇಟ, ಇಂದಿನ ಮಳಖೇಡ, ಯಾದಗಿರಿಗೆ ದೂರವಲ್ಲ. ಆತನ ಗದಾಯುದ್ಧದ ಕಿಚ್ಚಿಗೆಲ್ಲ ಮೂಲ ಸಭೆಯಲ್ಲಿ ಹಿಡಿದೆಳೆಯಲ್ಪಟ್ಟ ದ್ರೌಪದಿಯ ಕೇಶ. ಅದನ್ನು ಮತ್ತೆ ಕಟ್ಟಿಸುವವರೆಗೆ ಭೀಮನಿಗೆ ನೆಮ್ಮದಿಯಿಲ್ಲ. ದ್ರೌಪದಿಯ ಮುಡಿಯನ್ನು ಕಟ್ಟಲು ಒಬ್ಬ ಭೀಮಸೇನ ಬೇಕಾಯಿತು. ಭೀಮೆಯ ದಡದ ಹೆಣ್ಣು ಯಾರನ್ನೂ ಕಾಯಲಿಲ್ಲ. ತನ್ನ ಗಂಟನ್ನು ತಾನೇ ಕತ್ತರಿಸಿಕೊಂಡಳು, ಮಗಳ ಹೆರಳನ್ನು ತಾನೇ ಹೆಣೆದಳು.

ಸುರಪುರದ ಸುತ್ತ ನೋಡತಕ್ಕುದು ಇನ್ನೂ ಬೇಕಾದಷ್ಟಿದೆ. ನೇಯ್ಗೆಯ ವಚನಕಾರ ದೇವರ ದಾಸಿಮಯ್ಯನ ಮುದನೂರು ಈ ಕಡೆಯಲ್ಲೇ ಇದೆ. ಬೋನಾಳದ ಕೆರೆಗೆ ಚಳಿಗಾಲದಲ್ಲಿ ಬರುವ ಹಕ್ಕಿಗಳನ್ನು ನೋಡಲು ಒಂದು ಮುಂಜಾವನ್ನು ಮೀಸಲಿಡಬೇಕು. ಶಹಾಪುರದ ಕಡೆಯ ಶಿರವಾಳದಲ್ಲಿ ಹಳೆಯ ಗುಡಿಗಳ ಹಿಂಡೇ ಇದೆ. ಹೋಗುವವರು ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗುವುದು ಒಳಿತು; ಬೇಸಿಗೆಯ ಬಿಸಿಲನ್ನು ಇಲ್ಲಿಯ ಕಲ್ಲುಗಳೇ ತಾಳಲಾರವು. ಯಾದಗಿರಿಯವರೆಗೆ ರೈಲು, ಮುಂದೆ ಬಸ್ಸು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಗಳು ಎಲ್ಲೆಡೆಯೂ ದೊರೆಯುತ್ತವೆ. ಮಾತಾಡಿಸುವ ಜನ ಅದಕ್ಕಿಂತ ಸುಲಭವಾಗಿ ದೊರೆಯುತ್ತಾರೆ.

ಸುರಪುರದಿಂದ ಹೊರಡುವ ಬೆಳಿಗ್ಗೆ ಬಸ್ಸಿಗಾಗಿ ನಿಂತಿದ್ದಾಗ ಶಾಲೆಯ ಹುಡುಗಿಯರ ದಂಡು ನಮ್ಮ ಮುಂದೆ ಹಾದುಹೋಯಿತು. ಎಲ್ಲರ ತಲೆಗೂ ಎಣ್ಣೆ, ನಡುವೆ ನೇರವಾದ ಬೈತಲೆ, ಎರಡೆರಡು ಹೆರಳು, ಅವನ್ನು ಮೇಲಕ್ಕೆ ಮಡಿಚಿ ಕಿವಿಯ ಬಳಿ ಕಟ್ಟಿದ ರಿಬ್ಬನ್ನಿನ ಹೂ. ಪಟ್ಟಣದ ನಮ್ಮ ಮಕ್ಕಳು ಈ ಎರಡು ಹೆರಳುಗಳನ್ನು ಹಳ್ಳಿಗಾಡಿನ ರೀತಿಯೆಂದು ಹಾಸ್ಯ ಮಾಡುವುದುಂಟು. ನನ್ನ ತಂಗಿ ಮಾತ್ರ ಎಣಿಸುತ್ತ ನಿಂತಳು. ಒಂದೊಂದು ಹೆರಳಿನ ಹಿಂದೆಯೂ ಹೊಲಕ್ಕೆ ಹೋಗುವ ಮೊದಲು ಹಣಗಿ ಹಿಡಿದು ಕುಳಿತ ಒಬ್ಬ ತಾಯಿಯೋ ಅಕ್ಕನೋ ಅಜ್ಜಿಯೋ ಇರಬೇಕು. ಆ ಹುಡುಗಿಯರ ತಲೆಯಲ್ಲಿ ಇನ್ನು ಯಾವ ದೇವಿಯ ಹೆಸರಿನಲ್ಲಿಯೂ ಗಂಟು ಬೀಳಲಾರದು.